ರಂಗನತಿಟ್ಟು: ಟಿಕೆಟ್ ಅದೇ, ತಿಂಗಳು ಮಾತ್ರ ನೋಡಿಕೊಂಡು ಹೋಗಿ

ಮೈಸೂರಲ್ಲೇ ಇದ್ದುಕೊಂಡು, ಶಾಲೆಯ ಪ್ರವಾಸ ಮುಗಿದ ಮೇಲೆ ಕಾವೇರಿ ನಡುವಿನ ಪಕ್ಷಿಧಾಮ ರಂಗನತಿಟ್ಟಿನ ಕಡೆ ತಲೆ ಹಾಕಿರಲಿಲ್ಲ. ಈ ಸಲ ಹಟ ಹಿಡಿದು ಒಂದೇ ವರ್ಷದಲ್ಲಿ ಮೂರು ಬಾರಿ ಹೋದೆ. ಆಗಸ್ಟ್, ಅಕ್ಟೋಬರ್ ಕೊನೆ, ಆಮೇಲೆ ಫೆಬ್ರುವರಿ. ಮೂರು ಸಲವೂ ಬೇರೆ ಬೇರೆ ಊರಿಗೆ ಹೋಗಿ ಬಂದ ಹಾಗಿತ್ತು. "ಅಯ್ಯೋ ಅಲ್ಲೇನಿದೆ ರೀ, ನಾಲ್ಕು ಕೊಕ್ಕರೆ" ಎನ್ನುವವರು ಸಿಕ್ಕರೆ ಈಗ ಮೊದಲು ಕೇಳುವುದೇ, ಯಾವ ತಿಂಗಳು ಹೋಗಿದ್ದಿರಿ ಅಂತ.

ಆಗಸ್ಟ್ ಕಥೆ ಬೇಗ ಮುಗಿಯುತ್ತದೆ. ಮೇಲಿನ ಕೆ.ಆರ್.ಎಸ್. ಕಟ್ಟೆ ತುಂಬಿ ನೀರು ಬಿಟ್ಟಿದ್ದರು, ದೋಣಿ ಬಂದ್. ಇದಕ್ಕೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಆ ಕೆಂಪು ನೀರಿನ ರಭಸ ನೋಡಿದರೆ ನೀವೇ ಹತ್ತುವುದಿಲ್ಲ. ನದಿ ನಡುವಿನ ಪುಟ್ಟ ದ್ವೀಪಗಳು, ಅಂದರೆ ತಿಟ್ಟುಗಳು, ತಗ್ಗಿನವೆಲ್ಲ ಅರ್ಧಂಬರ್ಧ ಮುಳುಗಿದ್ದವು, ಬಂಡೆಗಳ ಸುಳಿವೇ ಇಲ್ಲ. ದಡದಲ್ಲೇ ನಿಂತು ಮರದ ಮೇಲಿನ ಬಾಯ್ಕಳಕ ಎಂಬ ಕೊಕ್ಕರೆಗಳನ್ನು ನೋಡಿದೆವು. ಇದರ ಕೊಕ್ಕಿನ ಮೇಲಿನ ತುಂಡು, ಕೆಳಗಿನ ತುಂಡು ಮಧ್ಯದಲ್ಲಿ ಕೂಡುವುದಿಲ್ಲ, ಸಂದಿಯಲ್ಲಿ ಬೆಳಕು ಕಾಣುತ್ತದೆ. ಮರಿಗಳಿಗೆ ಆ ಸಂದಿ ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಗದ್ದೆ ಬಯಲಿನ ಬಸವನಹುಳುವೇ ಇದರ ಮುಖ್ಯ ಊಟ. ಹೋಗುವ ಮುಂಚೆ ಪೇಪರಲ್ಲಿ ಕಟ್ಟೆಯ ಸುದ್ದಿ ನೋಡಿಕೊಳ್ಳಿ, ಅಷ್ಟೇ.

ಅಕ್ಟೋಬರ್ ಕೊನೆಗೆ ನೀರು ಇಳಿದಿತ್ತು, ದೋಣಿ ಶುರುವಾಗಿತ್ತು, ಎಲ್ಲ ಹಸಿರೋ ಹಸಿರು. ಹಕ್ಕಿ ಸ್ವಲ್ಪ ಕಡಿಮೆ ಅನ್ನಿಸಿತು. ಚಳಿಗಾಲಕ್ಕೆ ಉತ್ತರದಿಂದ ಇಳಿದು ಬಂದ ಕುಂಡೆಕುಸ್ಕವೊಂದು ಕಲ್ಲಿಂದ ಕಲ್ಲಿಗೆ ಬಾಲ ಕುಣಿಸಿಕೊಂಡು ಓಡುತ್ತಿತ್ತು, ನನ್ನ ಮಗಳಿಗೆ ಅವತ್ತು ಅದರ ಹೆಸರೊಂದೇ ಸಾಕಾಯಿತು, ಮನೆ ತಲುಪುವವರೆಗೂ ನಕ್ಕಳು.

ಫೆಬ್ರುವರಿ ಬಗ್ಗೆ ಬರೆಯೋಕೇ ಕೂತಿದ್ದು ನಾನು. ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೆ ಹೋಗಿ ಮೊದಲ ದೋಣಿಯಲ್ಲಿ ಕೂತೆವು. ಹುಟ್ಟು ಹಾಕುವ ದೋಣಿ, ಮೋಟಾರ್ ಸದ್ದಿಲ್ಲ, ಆ ಒಂದು ಕಾರಣಕ್ಕೇ ಎಷ್ಟು ಹೊಗಳಿದರೂ ಕಡಿಮೆ. ಹತ್ತಿರ ಹೋಗುತ್ತಿದ್ದ ಹಾಗೆ ಮೊದಲು ಬರುವುದು ವಾಸನೆ. ಹಿಕ್ಕೆ, ಮೀನು ಎರಡೂ ಸೇರಿದ ಘಾಟು. ಐದು ನಿಮಿಷದಲ್ಲಿ ಮೂಗಿಗೆ ಅಭ್ಯಾಸವಾಗುತ್ತದೆ. ಮರದ ತುಂಬ ಬಣ್ಣದ ಕೊಕ್ಕರೆಗಳು, ಹಿಂಭಾಗದಲ್ಲಿ ಆ ಗುಲಾಬಿ ಗರಿ, ಒಂದೊಂದು ಕೊಂಬೆಯಲ್ಲಿ ಮೂರು ನಾಲ್ಕು ಗೂಡು. ಬಿಸಿಲು ಏರಿದ ಮೇಲೆ ಒಂದು ಕೊಕ್ಕರೆ ಎರಡೂ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ಸುಮ್ನೆ ನಿಂತುಬಿಟ್ಟಿತು. ಬೆಳೆದ ಕೊಕ್ಕರೆಗೆ ಕೂಗುವ ಗಂಟಲಿಲ್ಲ, ಕೊಕ್ಕು ಕಟಕಟ ಅನ್ನಿಸುತ್ತದೆ ಅಷ್ಟೇ. ಗಲಾಟೆಯೆಲ್ಲ ಮರಿಗಳದ್ದು. ಅಪ್ಪನೋ ಅಮ್ಮನೋ ಬಂದು ಗೂಡಿಗೆ ಮೀನು ಕಕ್ಕುವವರೆಗೂ ಅವು ಬಾಯಿ ಮುಚ್ಚುವುದಿಲ್ಲ.

ಚಮಚದ ಕೊಕ್ಕಿನವು, ಹೆಜ್ಜಾರ್ಲೆ (ಪೆಲಿಕನ್), ಬಿಳಿ ಕೆಂಬರಲು (ಐಬಿಸ್), ನೀರುಕಾಗೆ ಎಲ್ಲವೂ ಸಿಕ್ಕವು. ಕ್ಯಾಮೆರಾದವರು ಇವುಗಳ ಹಿಂದೆ ಬೀಳುತ್ತಾರೆ. ನನಗೆ ಮಾತ್ರ ಬಂಡೆಗಳೇ ಜಾಸ್ತಿ ಹಿಡಿಸಿದವು. ರಿವರ್ ಟರ್ನ್ ಎಂಬ ಹಳದಿ ಕೊಕ್ಕಿನ ಹಕ್ಕಿ ಬೇಸಿಗೆಯ ಕಡೆ ನೀರು ಇಳಿದಾಗ ಇಂಥ ಬರೀ ಬಂಡೆಯ ಮೇಲೇ ಮೊಟ್ಟೆ ಇಡುತ್ತದೆ. ಹುಲ್ಲಿಲ್ಲ, ಕಡ್ಡಿಯಿಲ್ಲ. ಪಕ್ಕದ ಬಂಡೆಯಲ್ಲಿ ಮೊಸಳೆ ಬಾಯಿ ತೆರೆದು ಬಿದ್ದಿತ್ತು. ಅದು ಯಾರನ್ನೂ ಹೆದರಿಸುವುದಕ್ಕಲ್ಲ, ಬಿಸಿಲಿಗೆ ಮೈ ತಂಪು ಮಾಡಿಕೊಳ್ಳುವ ದಾರಿ. ಇದೆಲ್ಲ ಗೊತ್ತಿಲ್ಲದ ಹುಡುಗನೊಬ್ಬ ನಮ್ಮ ದೋಣಿಯಲ್ಲೇ ಸೆಲ್ಫಿಗೆ ಎದ್ದು ನಿಂತ. "ಕೂತ್ಕೊ ಮಗಾ, ಅದು ಫೋಟೊಗೆ ಕಾಯ್ತಾ ಇಲ್ಲ" ಎಂದರು ದೋಣಿಯಣ್ಣ, ದನಿ ಏರಿಸದೆ. ಹುಡುಗ ಕೂತ. ಆದರೆ ಅವರ ಮನೆಯವರು ಮೊಬೈಲಲ್ಲಿ ಹಾಕಿದ್ದ ಹಾಡು ನಿಲ್ಲಲಿಲ್ಲ. ನನ್ನ ಇಡೀ ದಿನದ ದೂರು ಇದೊಂದೇ, ಅದೂ ಜಾಗದ ಮೇಲಲ್ಲ, ಜನರ ಮೇಲೆ.

ದೋಣಿಯಣ್ಣ ಹಕ್ಕಿಗಳ ಹೆಸರೆಲ್ಲ ಇಂಗ್ಲಿಷಿನಲ್ಲೇ ಹೇಳುತ್ತಿದ್ದರು. "ಕನ್ನಡದಲ್ಲಿ ಏನಂತಾರಣ್ಣ?" ಅಂದಿದ್ದಕ್ಕೆ ಒಮ್ಮೆ ನನ್ನ ಮುಖ ನೋಡಿ, ಆಮೇಲೆ ಬಾಯ್ಕಳಕ, ಹೆಜ್ಜಾರ್ಲೆ ಅಂತ ಪಟಪಟ ಶುರು ಮಾಡಿದರು, ಕೇಳುವವರಿಲ್ಲದೆ ಕಟ್ಟಿಟ್ಟಿದ್ದ ಹಾಗೆ. ನೀವೂ ಕೇಳಿ.

ದೋಣಿ ಇಳಿದ ತಕ್ಷಣ ಹೊರಡುವುದು ದೊಡ್ಡ ತಪ್ಪು. ದಡದಲ್ಲಿ ಬಿದಿರು ಮೆಳೆ, ಕೂರುವುದಕ್ಕೆ ಜಾಗ, ಮರದಲ್ಲಿ ತಲೆಕೆಳಗಾಗಿ ಜೋತುಬಿದ್ದ ಬಾವಲಿಗಳ ದಂಡು. ದೋಣಿ ಸುತ್ತು ನನಗೆ ಯಾವಾಗಲೂ ಸಾಲುವುದಿಲ್ಲ, ಹಾಗಾಗಿ ಇಲ್ಲೇ ಒಂದು ಗಂಟೆ ಕೂತೆವು. ಅಂದ ಹಾಗೆ ಈ ತಿಟ್ಟುಗಳು ಆದದ್ದು 1640ರ ದಶಕದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡ ಕಟ್ಟೆ ಕಟ್ಟಿದ ಮೇಲೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ ಮೈಸೂರು ಅರಸರಿಗೆ ಹೇಳಿ ಇದನ್ನು ಪಕ್ಷಿಧಾಮ ಮಾಡಿಸಿದರು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು, ನಮ್ಮ ರಾಜ್ಯದಿಂದ ಮೊದಲನೆಯದು. ಇಷ್ಟೆಲ್ಲ ಆಗಿರುವುದು ಇಷ್ಟು ಪುಟ್ಟ ಜಾಗಕ್ಕೆ.

ದುರ್ಬೀನು ತರುವವರಿಗೆ ಒಂದು ಮಾತು. ನಾನು ಆನ್‌ಲೈನಲ್ಲಿ ಇಪ್ಪತ್ತು ಪಟ್ಟು ದೊಡ್ಡದು ಮಾಡುತ್ತದೆ ಅಂತ ನಂಬಿ ಒಂದನ್ನು ತರಿಸಿದ್ದೆ. ದೋಣಿಯಲ್ಲಿ ಕೈ ನಡುಗಿ ಕೊಕ್ಕರೆಯೂ ಕುಣಿಯಿತು, ಮರವೂ ಕುಣಿಯಿತು. ಎಂಟು ಪಟ್ಟಿನದ್ದು ಧಾರಾಳವಾಗಿ ಸಾಕು. ತಲೆಗೆ ಟೋಪಿ ಇರಲಿ, ಬಿಸಿಲಿಗೆ ಮಾತ್ರವಲ್ಲ, ಮೇಲೆ ಮರದ ತುಂಬ ಹಕ್ಕಿ ಕೂತಿರುತ್ತವೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ನೀರುನಾಯಿಗೆ. ಮೂರು ಸಲ ಹೋದರೂ ಕಾಣಿಸಿಕೊಳ್ಳಲಿಲ್ಲ. "ನಿನ್ನೆ ಸಂಜೆ ಇಲ್ಲೇ ಇತ್ತು" ಅಂದರು ದೋಣಿಯಣ್ಣ, ಮೂರನೇ ಸಲವೂ.