ಕಾಸರಗೋಡಿನವರಿಗೆ ಮಂಗಳೂರು–ಬೆಂಗಳೂರು ವಿಮಾನ

ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 305 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆಯ ಆಸುಪಾಸು ಕಾಣುತ್ತದೆ. ಅದರಲ್ಲಿ ರನ್‌ವೇಗೆ ಹೋಗಿಬರುವ ಹೊತ್ತೂ ಸೇರಿದೆ. ಜೆಟ್ ಆದರೆ ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ, ಪಂಖದ ಚಿಕ್ಕ ವಿಮಾನವಾದ ಎಟಿಆರ್ ತುಸು ನಿಧಾನ.

ನಿಜವಾದ ಪ್ರಯಾಣ ರಸ್ತೆಯದ್ದು. ಕಾಸರಗೋಡಿನಿಂದ ಮಂಗಳೂರು ನಿಲ್ದಾಣವಿರುವ ಬಜಪೆಗೆ ಸುಮಾರು 65 ಕಿ.ಮೀ. ಗಡಿಯ ತಲಪಾಡಿ ದಾಟಿದ ಮೇಲೆ ಮಂಗಳೂರಿನ ಪಂಪ್‌ವೆಲ್, ನಂತೂರು ವೃತ್ತಗಳಲ್ಲಿ ವಾಹನಗಳ ಸಾಲು ಸಿಕ್ಕೇ ಸಿಗುತ್ತದೆ. ವಿಮಾನಕ್ಕೆ ನಾಲ್ಕು ಗಂಟೆ ಮೊದಲೇ ಮನೆ ಬಿಡಿ. ಮಳೆಗಾಲದಲ್ಲಿ ಗುಡ್ಡದ ಮೇಲಿನ ರನ್‌ವೇಗೆ ಮೋಡ ಕವಿದರೆ ವಿಮಾನ ಬೇರೆಡೆಗೆ ತಿರುಗುವುದೂ ಉಂಟು. ಸಂಜೆಯ ಕೆಲಸಕ್ಕೆ ಬೆಳಗಿನ ವಿಮಾನವೇ ಲೇಸು.

ಊರಿನ ಕೊಬ್ಬರಿಯನ್ನು ದಯವಿಟ್ಟು ಕಟ್ಟಿಕೊಳ್ಳಬೇಡಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಕೈಚೀಲದಲ್ಲೂ ಬಿಡುವುದಿಲ್ಲ, ಚೆಕ್‌-ಇನ್ ಲಗೇಜಿನಲ್ಲೂ ಬಿಡುವುದಿಲ್ಲ. ನೀಲೇಶ್ವರದಿಂದ ತೆಂಕಿನವರು ಕಣ್ಣೂರು ನಿಲ್ದಾಣದ ದರವನ್ನೂ ನೋಡಿಕೊಳ್ಳಲಿ.