ಸಾರ್ಲಾ ಸಂತೆ: ಅಕ್ರೋಟಿಗಾಗಿ ಹೋಗಿ, ಬೆಳಿಗ್ಗೆ ಬೇಗ ಹೋಗಿ

ಫ್ರಾನ್ಸಿನ ನೈಋತ್ಯದ ಪೆರಿಗೋರ್ ಸೀಮೆಯ ಸಾರ್ಲಾ ಊರಿನಲ್ಲಿ ವಾರಕ್ಕೆ ಎರಡು ಸಂತೆ. ಬುಧವಾರದ್ದು ಚಿಕ್ಕದು, ಶನಿವಾರದ್ದು ದೊಡ್ಡದು. ಒಂದೇ ದಿನ ಬಿಡುವಿದ್ದರೆ ಶನಿವಾರವನ್ನೇ ಆರಿಸಿಕೊಳ್ಳಿ. ತಿನ್ನುವ ಸಾಮಾನಿನ ಅಂಗಡಿಗಳು 8:30ಕ್ಕೆಲ್ಲ ಸಜ್ಜಾಗಿ, ಮಧ್ಯಾಹ್ನ 1ರ ಹೊತ್ತಿಗೆ ಗಂಟುಮೂಟೆ ಕಟ್ಟುತ್ತವೆ. ಆಮೇಲೆ ಉಳಿಯುವುದು ಬಟ್ಟೆಬರೆ, ಚೀಲ, ಚಪ್ಪಲಿ. ಜುಲೈ, ಆಗಸ್ಟ್‌ನಲ್ಲಿ 10 ಗಂಟೆ ದಾಟಿದರೆ ಲಿಬರ್ತೆ ಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರುಚಿ ನೋಡಿ, ಮಾತಾಡಿಸಿ ಕೊಳ್ಳುವುದು ಅಲ್ಲಿಗೆ ಮುಗಿಯಿತು. ಹಿಂದಿನ ರಾತ್ರಿಯೇ ಊರು ಸೇರಿಕೊಳ್ಳುವುದು ಮೇಲು. ಬೋರ್ದೋದಿಂದ ರೈಲಿನಲ್ಲಿ ಹೆಚ್ಚುಕಡಿಮೆ 3 ತಾಸು. ನಿಲ್ದಾಣ ಹಳೆಯ ಊರಿನಿಂದ ದಕ್ಷಿಣಕ್ಕೆ, ಎತ್ತರದಲ್ಲಿದೆ. ಬರುವಾಗ ಇಳಿಜಾರು, ತುಂಬಿದ ಚೀಲ ಹೊತ್ತು ಮರಳುವಾಗ ಏರು.

ಇಲ್ಲಿ ಮೊದಲು ಕಲಿಯಬೇಕಾದದ್ದು ಬೆಳೆಗಾರನನ್ನೂ ವ್ಯಾಪಾರಿಯನ್ನೂ ಬೇರೆ ಮಾಡಿ ನೋಡುವುದು. ಮೇಜಿನ ಮೇಲೆ ಬಾಳೆಹಣ್ಣು, ಅನಾನಸ್ ಇದ್ದರೆ ಅದು ಸಗಟು ಮಾರುಕಟ್ಟೆಯ ಮಾಲು. ಬೆಳೆಗಾರನ ಮೇಜು ಬಡವಾಗಿ ಕಾಣುತ್ತದೆ: ಮೂರೋ ನಾಲ್ಕೋ ಬಗೆ, ಮಣ್ಣು ಅಂಟಿದ ಬೇರು, ಒಂದೊಂದು ಒಂದೊಂದು ಗಾತ್ರ, ಜೊತೆಗೆ 'ಪ್ರೊಡ್ಯುಕ್ತರ್', ಅಂದರೆ ಬೆಳೆದವರು, ಎಂಬ ಫಲಕ. ವಸಂತದಲ್ಲಿ ಅಂಥ ಮೇಜುಗಳ ಮೇಲೆ ಗಾರಿಗೆತ್ ತಳಿಯ ಸ್ಟ್ರಾಬೆರಿ ಸಿಗುತ್ತದೆ, ಉದ್ದನೆಯದು, ಹುಳಿ ಮುಂದಾಗಿರುವ ಹಣ್ಣು. ಅಂದು ಕೊಂಡದ್ದನ್ನು ಅಂದೇ ತಿನ್ನಬೇಕು; ಫ್ರಿಜ್ಜಿನಲ್ಲಿಟ್ಟರೆ ಪರಿಮಳ ಹೋಗುತ್ತದೆ.

ಈ ಊರಿನ ನಿಜವಾದ ಸಂಪತ್ತು ಅಕ್ರೋಟು. 'ನ್ವಾ ದ್ಯು ಪೆರಿಗೋರ್', ಅಂದರೆ ಪೆರಿಗೋರಿನ ಅಕ್ರೋಟು, ಎಂಬ ಹೆಸರಿಗೆ 2002ರಿಂದ ಕಾನೂನಿನ ರಕ್ಷಣೆಯಿದೆ. ಫ್ರಾಂಕೆತ್, ಮಾರ್ಬೋ, ಕೋರ್ನ್, ಗ್ರಾಂಜಾನ್ ಎಂಬ ನಾಲ್ಕು ತಳಿಗಳಿಗಷ್ಟೇ ಆ ಹೆಸರು. ಸೆಪ್ಟೆಂಬರ್ ಕೊನೆಯಿಂದ ಕೆಲವು ವಾರ ಮಾತ್ರ ಹಸಿ ಅಕ್ರೋಟು ಬರುತ್ತದೆ. ಓಡು ಒಡೆದರೆ ತಿರುಳು ಹಾಲುಬಿಳುಪು. ಮೇಲಿನ ತೆಳುಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿದರೆ ಹಾಳೆಯಂತೆ ಸುಲಿದು ಬರುತ್ತದೆ. ಕಹಿಯೆಲ್ಲ ಆ ಸಿಪ್ಪೆಯಲ್ಲೇ ಇರುವುದು, ಅದನ್ನು ತೆಗೆದ ಮೇಲೆ ನಮ್ಮ ಎಳೆ ತೆಂಗಿನ ತಿರುಳು ನೆನಪಾಗುವಷ್ಟು ಸಿಹಿ. ಆದರೆ ಇದರಲ್ಲಿ ನೀರಿನಂಶ ಜಾಸ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಊರಿಗೆ ಒಯ್ಯುವವರು ಒಣಗಿದ್ದನ್ನೇ ಕೊಳ್ಳಲಿ, ಅದೂ ಓಡಿನ ಸಮೇತ. ಒಡೆದ ತಿರುಳಿಗೆ ಗಾಳಿ ತಾಗಿ ಬೇಗ ಕಮಟು ಬರುತ್ತದೆ.

ಎಣ್ಣೆಗೂ ಅದೇ ನಿಯಮ. ಒಂದು ಲೀಟರ್ ಅಕ್ರೋಟೆಣ್ಣೆಗೆ ಸುಮಾರು 2 ಕಿಲೋ ತಿರುಳು ಬೇಕು, ಹಾಗಾಗಿ ಬೆಲೆ ಹೆಚ್ಚು ಎಂದು ಚೌಕಾಸಿ ಮಾಡುವುದು ಸರಿಯಲ್ಲ. ತಗಡಿನ ಡಬ್ಬಿಯಲ್ಲೋ ಗಾಢ ಬಣ್ಣದ ಬಾಟಲಿಯಲ್ಲೋ ಇರುವುದನ್ನು, ಅದರಲ್ಲೂ ಚಿಕ್ಕದನ್ನು ಆರಿಸಿ. ಬಿಸಿಲಿಗಿಟ್ಟ ಪಾರದರ್ಶಕ ಬಾಟಲಿ ಬೇಡವೇ ಬೇಡ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಡಬೇಕು. ಒಗ್ಗರಣೆಗೆ ಹಾಕಬಾರದು, ಕಾದರೆ ಕಹಿಯಾಗುತ್ತದೆ. ಕೋಸಂಬರಿಯ ಮೇಲೆ ಹಸಿಯಾಗಿ ಅರ್ಧ ಚಮಚ ಸಾಕು.

ನೆಲದೊಳಗೆ ಬೆಳೆಯುವ ಪರಿಮಳದ ಅಣಬೆ ಟ್ರಫಲ್ ಕೊಳ್ಳುವ ಆಸೆಯಿದ್ದರೆ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಬರಬೇಕು. ಮಾಗಿದ ಕಪ್ಪು ಟ್ರಫಲ್‌ನ ಒಳಗೂ ಕಪ್ಪು, ಅದರಲ್ಲಿ ಸಣ್ಣ ಬಿಳಿ ಗೆರೆಗಳು. ಇದನ್ನು ತೋರಿಸಲೆಂದೇ ಅಂಚಿನಲ್ಲಿ ಚಾಕುವಿನಿಂದ ಚೂರು ಕೆತ್ತಿರುತ್ತಾರೆ, ಕೆತ್ತಿಲ್ಲದಿದ್ದರೆ ಕೇಳಿ. ಬೇಸಿಗೆಯಲ್ಲಿ ಮಾರುವುದು ಬೇರೆ ಜಾತಿ, ಒಳಗೆ ತಿಳಿಬಣ್ಣ, ವಾಸನೆಯೂ ಕಡಿಮೆ. ಟ್ರಫಲ್ ಎಣ್ಣೆಯ ಬಾಟಲಿಯ ಮೇಲೆ 'ಅರೋಮ್' ಎಂದು ಬರೆದಿದ್ದರೆ ಅಲ್ಲೇ ಇಟ್ಟುಬಿಡಿ, ಅದು ಸೇರಿಸಿದ ಸುವಾಸನೆ.

ಫುವಾ ಗ್ರಾ ಡಬ್ಬಿಗಳು ಎಲ್ಲೆಲ್ಲೂ ಇವೆ. ಬಾತುಕೋಳಿಗೆ ಗಂಟಲಿಗೆ ಕೊಳವೆಯಿಟ್ಟು ತಿನ್ನಿಸಿ ಉಬ್ಬಿಸಿದ ಯಕೃತ್ತು ಅದು. ತಿನ್ನುವವರಿಗೆ ಒಂದು ಮಾತು: 'ಆಂತಿಯೆ' ಎಂದರೆ ಇಡೀ ಹೋಳು, 'ಬ್ಲಾಕ್' ಎಂದರೆ ಅರೆದು ಮತ್ತೆ ಅಚ್ಚು ಹಾಕಿದ್ದು. ಭಾರತ ಇದರ ಆಮದನ್ನು 2014ರಲ್ಲೇ ನಿಷೇಧಿಸಿದೆ, ಆದ್ದರಿಂದ ಊರಿಗೆ ಉಡುಗೊರೆಯಾಗಿ ತರುವ ಮಾತೇ ಇಲ್ಲ.

ಮಳೆ ಬಂದರೆ ಸಾಂತ್ ಮಾರೀ ಒಳಗೆ ನುಗ್ಗಿ. ಹಳೆಯ ಇಗರ್ಜಿಯನ್ನು ಮುಚ್ಚಿದ ಮಾರುಕಟ್ಟೆಯಾಗಿ ಬದಲಿಸಿದವರು ಬಾಲ್ಯವನ್ನು ಇದೇ ಊರಿನಲ್ಲಿ ಕಳೆದ ವಾಸ್ತುಶಿಲ್ಪಿ ಜಾನ್ ನುವೆಲ್. ಮುರಿದು ತೆರೆದುಕೊಂಡಿದ್ದ ಗೋಡೆಗೆ ಅವರು ಕೂರಿಸಿದ ಉಕ್ಕಿನ ಬಾಗಿಲುಗಳು ನಾಲ್ಕೈದು ಮಹಡಿ ಎತ್ತರ. ಗೋಪುರದೊಳಗಿನ ಗಾಜಿನ ಲಿಫ್ಟಿಗೆ ಟಿಕೆಟ್ ಇದೆ, ಒಮ್ಮೆಗೆ ಕೆಲವೇ ಜನ; ಸಂತೆಯ ದಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ ಬೇರೆ ದಿನ ಹತ್ತಿ. ಮೇಲಿನಿಂದ ಕಾಣುವ ಕಲ್ಲುಚಪ್ಪಡಿಯ ಚಾವಣಿಗಳು ಇಂದಿಗೂ ಹಾಗೇ ಉಳಿಯಲು ಕಾರಣ ಹಳೆಯ ಊರುಕೇರಿಗಳನ್ನು ಕಾಪಾಡುವ 1962ರ ಮಾಲ್ರೋ ಕಾಯಿದೆ. ಅದರಡಿ ಮೊದಲಿಗೆ ಜೀರ್ಣೋದ್ಧಾರಗೊಂಡ ಊರುಗಳಲ್ಲಿ ಸಾರ್ಲಾ ಒಂದು.

ಸಸ್ಯಾಹಾರಿಗಳು ಹೋಟೆಲಿನಲ್ಲಿ ಜಾಗ್ರತೆಯಿಂದಿರಬೇಕು. ಹೆಸರುವಾಸಿಯಾದ 'ಸಾರ್ಲಾದೇಸ್' ಆಲೂಗಡ್ಡೆ ನೋಡಲು ಬೆಳ್ಳುಳ್ಳಿ ಹಾಕಿದ ಬರೀ ಪಲ್ಯ, ಆದರೆ ಹುರಿಯುವುದು ಬಾತುಕೋಳಿಯ ಕೊಬ್ಬಿನಲ್ಲಿ. ಹಸಿರು ಸಲಾಡಿನ ಮೇಲೂ ಗಿಜಾರ್ಡ್, ಅಂದರೆ ಹಕ್ಕಿಯ ಜಠರದ ಚೂರುಗಳಿರಬಹುದು. 'ಸಾನ್ ಗ್ರೆಸ್ ದ ಕನಾರ್', ಅಂದರೆ ಬಾತುಕೊಬ್ಬು ಬೇಡ ಎಂದು ಮೊದಲೇ ಹೇಳಿಬಿಡಿ. ಆಡಿನ ಹಾಲಿನ ಪುಟ್ಟ ಕಬೆಕು ಚೀಸ್ ರುಚಿಕರವಾದರೂ, ಹಾಲು ಒಡೆಯಲು ಸಾಮಾನ್ಯವಾಗಿ ಬಳಸುವುದು ರೆನೆಟ್, ಅಂದರೆ ಎಳೆಗರುವಿನಂಥ ಪ್ರಾಣಿಯ ಹೊಟ್ಟೆಯಿಂದ ತೆಗೆದ ಕಿಣ್ವ. ಅದು ನಡೆಯುತ್ತದೆ ಎನ್ನುವವರು ಎರಡು ಬಿಲ್ಲೆ ಚೀಸ್, ಒಂದು ಬ್ರೆಡ್ಡು, ಹಿಡಿ ಅಕ್ರೋಟು ಕೊಂಡು, ಕಂಚಿನ ಮೂರು ಹೆಬ್ಬಾತುಗಳಿರುವ ಹಳೆಯ ಹೆಬ್ಬಾತು ಸಂತೆಯ ಚೌಕದಲ್ಲಿ ಕುಳಿತು ಉಣ್ಣಲಿ. ಅಲ್ಲಿ ಯಾವ ಹೋಟೆಲೂ ಇದಕ್ಕಿಂತ ಒಳ್ಳೆಯ ಊಟ ಬಡಿಸಲಾರದು.