ದುಬೈ ಪ್ಯಾಕೇಜು: ಸಾರು ಚೆನ್ನಾಗಿತ್ತು, ಡಾಲ್ಫಿನ್ ಆಟ ಬೇಡವಿತ್ತು

ತುಮಕೂರಿನ ಬಿ.ಎಚ್. ರಸ್ತೆಯ ಟ್ರಾವೆಲ್ಸ್ ಒಂದರ ಮೂಲಕ ಐದು ದಿನ ದುಬೈಗೆ ಹೋಗಿಬಂದೆವು. ವೀಸಾ, ಹೋಟೆಲು ಎಲ್ಲ ಅಚ್ಚುಕಟ್ಟು. ರೊಟ್ಟಿ ತಿಂದು ಬೇಸತ್ತಿದ್ದ ನಮ್ಮ ಅತ್ತೆಯವರಿಗೆ ಅನ್ನ, ತಿಳಿಸಾರು ಹುಡುಕಿಕೊಟ್ಟ ಗೈಡ್‌ಗೆ ಋಣಿ.

ನನ್ನ ತಕರಾರು ಡಾಲ್ಫಿನ್ ಪ್ರದರ್ಶನದ್ದು. ಬೇಡವೆಂದರೂ ‘ಪ್ಯಾಕೇಜಿನಲ್ಲೇ ಸೇರಿದೆ ಮೇಡಂ, ಕಳೆಯಲು ಬರುವುದಿಲ್ಲ’ ಎಂದರು. ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಪ್ರತಿ ನೆಗೆತಕ್ಕೂ ತರಬೇತುದಾರನ ಸೊಂಟದ ಡಬ್ಬಿಯಿಂದ ಒಂದು ಸತ್ತ ಮೀನು. ಆಟವಿಲ್ಲದಾಗ ಒಂದು ಡಾಲ್ಫಿನ್ ಗೋಡೆಗುಂಟ ಸುತ್ತುತ್ತಲೇ ಇತ್ತು, ಗಾಣದ ಎತ್ತಿನ ಹಾಗೆ. ನಗುತ್ತಿದೆ ಎಂದು ಮಗಳು ಕೈ ಬೀಸಿದಳು. ಅದು ನಗುವಲ್ಲ, ದವಡೆಯ ಆಕಾರವೇ ಹಾಗೆ. ಸತ್ತ ಮೇಲೂ ಹಾಗೆಯೇ ಇರುತ್ತದೆ. ಕಡಲಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುವ, ಶಬ್ದದ ಮಾರ್ದನಿಯಿಂದಲೇ ದಾರಿ ಕಾಣುವ ಪ್ರಾಣಿಗೆ ನಮ್ಮ ಅಮಾನಿಕೆರೆಯ ಒಂದು ಮೂಲೆಯಷ್ಟೂ ಇಲ್ಲದ ಕೊಳ, ಮೇಲೆ ಧ್ವನಿವರ್ಧಕದ ಅಬ್ಬರ.

ಇಂಥ ಕೇಂದ್ರಗಳಿಗೆ ಅನುಮತಿ ಕೊಡಬೇಡಿ ಎಂದು ನಮ್ಮ ಕೇಂದ್ರ ಸರ್ಕಾರ 2013ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಊರಿಗೆ ಬಂದು ಇದನ್ನು ಹೇಳಿದರೆ ಕಚೇರಿಯವರು ಕ್ಯಾಲೆಂಡರ್ ಕೊಟ್ಟು ಕಳಿಸಿದರು. ಐದಕ್ಕೆ ಮೂರು ನಕ್ಷತ್ರ, ಅದರಲ್ಲಿ ಒಂದು ಆ ತಿಳಿಸಾರಿಗೆ. ಹೋಗುವವರು ಮುಂಗಡ ಕೊಡುವ ಮೊದಲೇ ಆ ಟಿಕೆಟ್ ತೆಗೆಸಿ.